ಬಲೆಯ ಗುಂಡಿಗೆ ಕಬ್ಬಿಣದ ಅಚ್ಚು: ನಾಲ್ಕು ಸಂಜೆಗಳ ಲೆಕ್ಕ

ಕಾಸರಗೋಡು ಜಿಲ್ಲೆಯ ಉಪ್ಪಳದ ಲೇತ್ ವರ್ಕ್‌ಶಾಪಿನಲ್ಲಿ ನಾನಾಡಿದ ಮೊದಲ ಮಾತೇ ಎಡವಟ್ಟಾಯಿತು. "ಆಚಾರ್ರೇ, ಮನೆಯಲ್ಲೇ ಗುಂಡು ಎರಕ ಹೊಯ್ಯೋದಕ್ಕೆ ಕಬ್ಬಿಣದ ಒಂದು ಅಚ್ಚು ಮಾಡಿಕೊಡ್ತೀರಾ?" ಅಂದೆ. ಅವರು ಲೇತ್ ನಿಲ್ಲಿಸಿದರು. ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ, "ಎಂತ ಗುಂಡು? ಕೋವಿಯದ್ದಾ?" ಎಂದು ಕೇಳಿದರು.

ಅವರದ್ದೇನೂ ತಪ್ಪಿಲ್ಲ. ಗುಡ್ಡದ ಕಡೆ ಹಂದಿ ಕಾಟ ಜಾಸ್ತಿ. ಅಲ್ಲಿಂದ ಯಾರಾದರೂ ಇಂಥ ಕೆಲಸ ತಂದರೆ ಅವರು ಕೈ ಹಾಕುವುದಿಲ್ಲವಂತೆ, ಹಾಕಲೂಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಅದನ್ನು ತಯಾರಿಸುವ ಸಲಕರಣೆಯೂ ಆ ಕಾಯ್ದೆಯಲ್ಲಿ ಮದ್ದುಗುಂಡಿನ ಲೆಕ್ಕಕ್ಕೇ ಬರುತ್ತದೆ. ನಾನು ಜೇಬಿನಿಂದ ಮಾವನ ಬೀಸುಬಲೆಯ ಹಳೇ ಗುಂಡು ತೆಗೆದು ಮೇಜಿನ ಮೇಲಿಟ್ಟೆ. ಅದರ ತೂತಿನಲ್ಲಿ ಇನ್ನೂ ಒಂದು ಎಳೆ ನೈಲಾನ್ ಇತ್ತು. ಆಚಾರ್ರು ನಕ್ಕುಬಿಟ್ಟರು. "ಮಣಿ ಅಂತ ಹೇಳಬಾರದಿತ್ತಾ ಮಾರಾಯ್ರೇ, ಹೆದರಿಸಿದ್ರಲ್ಲ!"

ನಮ್ಮ ಮನೆಯಲ್ಲಿ ಅದಕ್ಕೆ ಮೊದಲಿನಿಂದಲೂ ಗುಂಡು ಎಂದೇ ಹೆಸರು. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಯಾಕೆ ಬೇಕಾಯಿತು

ನಾನು ಮೋಟಾರ್ ವೈಂಡಿಂಗ್ ಮಾಡುವವನು. ತೋಟದ ಪಂಪು, ಮಿಕ್ಸಿ, ಫ್ಯಾನು. ಮಾವನಿಗೆ, ಅಂದರೆ ಅಮ್ಮನ ಅಣ್ಣನಿಗೆ, ಕುಂಬಳೆ ಹತ್ತಿರ ಶಿರಿಯಾ ಹೊಳೆ ಬದಿಯಲ್ಲಿ ಸ್ವಲ್ಪ ಜಾಗ ಉಂಟು. ತೆಂಗು, ಎರಡು ದನ, ಮತ್ತೆ ಒಂದು ಬೀಸುಬಲೆ. ಮಳೆಗಾಲದಲ್ಲಿ ಹೊಳೆ ಕೆಂಪಾದಾಗ ಅಳಿವೆ ಕಡೆ ಹೋಗಿ ನಾಲ್ಕು ಸಲ ಬಲೆ ಬೀಸದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ, ಒಟ್ಟು 52 ದಿನ, ಟ್ರಾಲ್ ಬೋಟುಗಳಿಗೆ ನಿಷೇಧ. ಆಗ ಪೇಟೆಯಲ್ಲಿ ಮೀನಿಗೆ ಬೆಂಕಿ ರೇಟು. ಮಾವನ ಬಲೆಗೆ ಬೀಳುವ ಕರಿಮೀನಿಗೂ ಸಿಗಡಿಗೂ ಆಗಲೇ ಬೆಲೆ.

ಬಲೆಯ ಕೆಳಗಿನ ಹಗ್ಗದಲ್ಲಿ ಸುತ್ತಲೂ ಸೀಸದ ಗುಂಡುಗಳಿರುತ್ತವೆ. ಬೀಸಿದಾಗ ಬಲೆ ವೃತ್ತವಾಗಿ ಬಿಚ್ಚಿಕೊಂಡು ನೀರಿಗೆ ಬಿದ್ದು, ಅಂಚು ಎಲ್ಲ ಕಡೆಯಿಂದ ಒಟ್ಟಿಗೆ ತಳ ಮುಟ್ಟಬೇಕು. ಗುಂಡು ಹಗುರವಾದರೆ ಬಲೆ ತಳ ಮುಟ್ಟುವ ಮೊದಲೇ ಮೀನು ಅಡಿಯಿಂದ ನುಣುಚಿಕೊಳ್ಳುತ್ತದೆ. ಭಾರವಾದರೆ ಬೀಸುವವನ ಹೆಗಲು ಬೀಳುತ್ತದೆ. ಮಾವನಿಗೆ ಅರವತ್ತು ದಾಟಿದೆ. ಅವರ ಬಲೆಗೆ 200 ಗುಂಡು ಬೇಕು, ಒಂದೊಂದು 12 ಗ್ರಾಂ. ಒಟ್ಟು 2 ಕಿಲೋ 400 ಗ್ರಾಂ. ಅಂಗಡಿಯಲ್ಲಿ ನಮಗೆ ಸಿಕ್ಕಿದ್ದು 8 ಗ್ರಾಮಿನದ್ದು, ಇಲ್ಲದಿದ್ದರೆ 20 ಗ್ರಾಮಿನದ್ದು. ನಡುವಿನದ್ದು ಇಲ್ಲ. ಹಳೆಯ ಬಲೆಯಲ್ಲಿ ಉಳಿದಿದ್ದದ್ದು 138. ಉಳಿದದ್ದೆಲ್ಲ ಮೂರು ಮಳೆಗಾಲದಲ್ಲಿ ಹೊಳೆ ಪಾಲು.

ಕಬ್ಬಿಣದ ನಟ್ಟು ಕಟ್ಟಿದರೆ ಆಗದಾ ಎಂದು ನಾನು ಮೊದಲು ಕೇಳಿದ್ದೆ. ಮಾವ ಉತ್ತರವನ್ನೇ ಕೊಡಲಿಲ್ಲ, ನನ್ನ ಮುಖ ನೋಡಿದರು ಅಷ್ಟೆ. ಆಮೇಲೆ ನಾನೇ ಲೆಕ್ಕ ಹಾಕಿದೆ. ಸೀಸದ ಸಾಂದ್ರತೆ 11.34, ಅಂದರೆ ಅದು ನೀರಿನ 11.34 ಪಾಲು ಭಾರ. ನೀರಿಗೆ ಬಿದ್ದಾಗ ಅದರ ತೂಕದಲ್ಲಿ ನೂರಕ್ಕೆ ಒಂಬತ್ತರಷ್ಟು ಮಾತ್ರ ಕಡಿಮೆಯಾಗುತ್ತದೆ. ಕಬ್ಬಿಣಕ್ಕೆ ನೂರಕ್ಕೆ ಹದಿಮೂರು. ಅದರ ಮೇಲೆ ಉಪ್ಪುನೀರಿನ ತುಕ್ಕು, ಆ ತುಕ್ಕು ಹಗ್ಗಕ್ಕೆ. ಮಾವನ ನೋಟ ಸರಿಯಾಗಿಯೇ ಇತ್ತು.

ಅಚ್ಚು

ಕಬ್ಬಿಣ ಎಲ್ಲಿಂದ? ಅಜ್ಜನ ಕಾಲದ ಜಿನಸಿ ಅಂಗಡಿಯ 5 ಕಿಲೋ ತೂಕದ ಬಟ್ಟು ಅಟ್ಟದಲ್ಲಿತ್ತು. ಆರು ಮೂಲೆಯದ್ದು, ಎರಕದ ಕಬ್ಬಿಣ. ಇಂಥ ಬಟ್ಟುಗಳ ಅಡಿಯಲ್ಲಿ ಒಂದು ಕುಳಿ ಇರುತ್ತದೆ, ಅದರಲ್ಲಿ ಸೀಸ ತುಂಬಿ ಮುದ್ರೆ ಒತ್ತಿರುತ್ತಾರೆ. ತೂಕ ಸರಿಹೊಂದಿಸುವುದೂ ಅದರಲ್ಲೇ. ಆಚಾರ್ರು ಮೊದಲು ಆ ಸೀಸವನ್ನು ಕೊರೆದು ತೆಗೆದು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಬೋಣಿಗೆ" ಅಂದರು.

ಎರಕದ ಕಬ್ಬಿಣ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅದರೊಳಗೆ ಗ್ರಾಫೈಟ್ ಇರುವುದರಿಂದ ಕಟ್ಟರಿಗೆ ಪುಡಿಪುಡಿಯಾಗಿ ಬರುತ್ತದೆ. ಸೀಸ ಕಬ್ಬಿಣದ ಜೊತೆ ಬೆರೆಯುವುದೂ ಇಲ್ಲ, ಅಂಟುವುದೂ ಇಲ್ಲ. ಅಲ್ಯುಮಿನಿಯಂ ಅಚ್ಚು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಕಬ್ಬಿಣ ನಿಧಾನ. ಆದರೆ ಒಮ್ಮೆ ಕಾದರೆ ಬಿಸಿ ಹಿಡಿದುಕೊಂಡು ಕೂರುತ್ತದೆ.

ಬಟ್ಟಿನಿಂದ 100 ಮಿಮೀ ಉದ್ದ, 45 ಅಗಲ, 25 ದಪ್ಪದ ಎರಡು ತುಂಡು ಬಂತು. ಎರಡರ ಮುಖವನ್ನೂ ನುಣ್ಣಗೆ ಮಾಡಿ, ಮುಖಕ್ಕೆ ಮುಖ ಕೂಡಿಸಿ, ಎರಡು ಪಿನ್ನು ಕೂರಿಸಿದರು. ಆಮೇಲೆ 10 ಮಿಮೀ ಉರುಟು ಮೂತಿಯ ಕಟ್ಟರಿನಿಂದ ಒಂದೊಂದರಲ್ಲೂ ಅರ್ಧರ್ಧ ಗುಳಿ. ಸಾಲಾಗಿ ಮೂರು. ಎರಡೂ ಕೂಡಿದರೆ 10 ಮಿಮೀ ದಪ್ಪ, 19 ಮಿಮೀ ಉದ್ದದ ಮಾತ್ರೆ ಆಕಾರ. ಮೂರೂ ಗುಳಿಗಳ ನಡುವಿನಿಂದ ಈ ತುದಿಯಿಂದ ಆ ತುದಿಗೆ 3.5 ಮಿಮೀ ತೂತು, ಅದರಲ್ಲಿ ಉದ್ದಕ್ಕೆ ಒಂದೇ ಉಕ್ಕಿನ ಕಡ್ಡಿ. ಸೀಸ ಹೊಯ್ದು ಕಡ್ಡಿ ಎಳೆದರೆ ಹಗ್ಗ ಹೋಗುವ ತೂತು ರೆಡಿ. ಪ್ರತಿ ಗುಳಿಯ ಮೇಲೂ ಕೊಳವೆಯ ಬಾಯಿ ಥರ ಒಂದು ಹೊಯ್ಯುವ ಬಾಯಿ. ಲೆಕ್ಕದಲ್ಲಿ ಒಂದು ಗುಂಡು 11.92 ಗ್ರಾಂ ಆಗಬೇಕು. ಹಿಡಿಯಲು ಹಳೇ ಇಕ್ಕಳದ ಎರಡು ಕಾಲು ಬೆಸುಗೆ ಹಾಕಿಸಿದೆ, ಅದಕ್ಕೆ ಮರದ ಹಿಡಿ.

ಮೂರನೇ ಗುಳಿ ಕಡೆಯುವಾಗ ಕಟ್ಟರ್ ಸ್ವಲ್ಪ ಅದುರಿತು. ಒಳಗೆ ಕೂದಲೆಳೆಯಂಥ ಒಂದು ಗೀರು ಬಿತ್ತು. "ಇರಲಿ ಬಿಡಿ, ಮೀನಿಗೇನು ಗೊತ್ತಾಗ್ತದೆ" ಅಂದರು ಆಚಾರ್ರು. ಈ ಗೀರನ್ನು ನೆನಪಿಟ್ಟುಕೊಳ್ಳಿ. ಮುಂದೆ ಕೆಲಸಕ್ಕೆ ಬರುತ್ತದೆ.

ಸೀಸ

ಹಳೇ 138 ಗುಂಡು ಇದ್ದೇ ಇತ್ತು. ಅವೆಲ್ಲ ಸವೆದು ತೂಕ ಇಳಿದಿದ್ದರಿಂದ ಕರಗಿಸುವುದೆಂದಾಯಿತು. ಉಳಿದದ್ದಕ್ಕೆ ಗುಜರಿಗೆ ಹೋದೆ. ಇಲ್ಲಿ ಒಂದು ಭಾಷೆಯ ತೊಡಕುಂಟು. ನಾವು ಸೀಸ ಎನ್ನುವುದನ್ನು ಮಲಯಾಳದಲ್ಲಿ ಈಯಂ ಎನ್ನುತ್ತಾರೆ. ಆದರೆ ಅದರಲ್ಲಿ ಎರಡು ಜಾತಿ: ಕರುತ್ತೀಯಂ ಅಂದರೆ ಸೀಸ, ವೆಳುತ್ತೀಯಂ ಅಂದರೆ ಕಲಾಯಿಗೆ ಹಾಕುವ ತವರ. ಬರೀ ಈಯಂ ಎಂದು ಕೇಳಿದರೆ ಅಂಗಡಿಯವನು ತಿರುಗಿ ಕೇಳುತ್ತಾನೆ, ಕರಿಯದ್ದಾ ಬಿಳಿಯದ್ದಾ ಎಂದು.

ಬ್ಯಾಟರಿ ಸೀಸ ಬೇಕಾದಷ್ಟು ಸಿಗುತ್ತದೆ, ಅಗ್ಗ ಕೂಡ. ತಗೊಳ್ಳಲಿಲ್ಲ. ಅದರ ಪ್ಲೇಟುಗಳಲ್ಲಿ ಆಸಿಡ್ ಇರುತ್ತದೆ, ಆಂಟಿಮನಿ, ಆರ್ಸೆನಿಕ್‌ನಂಥವು ಬೆರೆತಿರುತ್ತವೆ. ಮನೆಯಲ್ಲಿ ಕರಗಿಸುವ ವಸ್ತುವೇ ಅಲ್ಲ ಅದು. ಹಳೇ ಟೆಲಿಫೋನ್ ಕೇಬಲ್ಲಿನ ಮೇಲಿನ ಸೀಸದ ಕವಚ ಒಂದೂಕಾಲು ಕಿಲೋ ಸಿಕ್ಕಿತು, ಒಳ್ಳೇ ಮೆತ್ತಗಿನ ಮಾಲು. ಜೊತೆಗೆ ಟೈರ್ ಬ್ಯಾಲೆನ್ಸಿಂಗ್ ತೂಕಗಳು ಒಂದು ಕಿಲೋ. ಈ ತೂಕಗಳಲ್ಲಿ ಕೆಲವು ಸತುವಿನವು ಇರುತ್ತವೆ. ಉಗುರಿನಲ್ಲಿ ಗೀರಿದರೆ ಸೀಸದ ಮೇಲೆ ಗುರುತು ಬೀಳುತ್ತದೆ, ಸತುವಿನ ಮೇಲೆ ಬೀಳುವುದಿಲ್ಲ. ಸಿಮೆಂಟ್ ನೆಲಕ್ಕೆ ಹಾಕಿದರೆ ಸೀಸ ಥಡ್ ಎನ್ನುತ್ತದೆ, ಸತು ಠಣ್ ಎನ್ನುತ್ತದೆ. ಠಣ್ ಎಂದದ್ದನ್ನೆಲ್ಲ ಬದಿಗಿಟ್ಟೆ.

ಜಾಗದ ವಿಚಾರದಲ್ಲಿ ಅತ್ತೆ ಒಂದು ಮಾತು ಹೇಳಿದರು, ಅದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಮಾವ ದನದ ಹಟ್ಟಿಯ ಬದಿಯಲ್ಲಿ ಒಲೆ ಹೂಡಿದ್ದರು. ಮೇಲೆ ಮಾಡು ಇದೆ, ಗಾಳಿಯೂ ಆಡುತ್ತದೆ ಎಂದು. ಅತ್ತೆ ಬಂದು ನೋಡಿ, "ದನ ಸಿಕ್ಕಿದ್ದೆಲ್ಲ ನೆಕ್ಕುತ್ತದೆ ಅಂತ ಗೊತ್ತಿಲ್ವಾ ನಿಮಗೆ?" ಎಂದರು. ಸರಿಯಾದ ಮಾತು. ದನಗಳಿಗೆ ಆಗುವ ವಿಷಬಾಧೆಗಳಲ್ಲಿ ಸೀಸದ್ದು ದೊಡ್ಡದು, ಬಣ್ಣದ ಡಬ್ಬ, ಹಳೇ ಬ್ಯಾಟರಿ ನೆಕ್ಕಿಯೇ ಸಾಯುತ್ತವೆ. ಒಲೆ ಅಂಗಳದ ಆಚೆ, ಅಡಿಕೆ ಒಣಗಿಸುವ ಚಪ್ಪರದ ಅಡಿಗೆ ಹೋಯಿತು. ಮಕ್ಕಳಿಗೆ ಅತ್ತ ಬರಬಾರದೆಂದು ಕಟ್ಟಪ್ಪಣೆ. ಮಕ್ಕಳ ಮೈಗೆ ಇಷ್ಟು ಸೀಸ ಹೋದರೆ ಪರವಾಗಿಲ್ಲ ಎಂಬ ಒಂದು ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಣಲೆ, ಸೌಟು ಎರಡೂ ಕಬ್ಬಿಣದವು, ಎರಡಕ್ಕೂ ಕೆಂಪು ಬಣ್ಣ ಬಳಿದೆವು. ಇನ್ನು ಅವು ಅಡುಗೆಮನೆ ಮೆಟ್ಟಲು ಹತ್ತುವುದಿಲ್ಲ.

ಮೊದಲ ಸಂಜೆ

ಮೇ ಕೊನೆಯ ವಾರ. ಮೋಡ ಕಟ್ಟುತ್ತಿತ್ತು, ಮಳೆ ಬಂದಿರಲಿಲ್ಲ. ಗೆರಟೆ ಕೆಂಡಕ್ಕೆ ಕೈ ಬ್ಲೋವರ್ ಹಿಡಿದು ಬಾಣಲೆ ಇಟ್ಟೆವು. ಇಪ್ಪತ್ತು ನಿಮಿಷದಲ್ಲಿ ಸೀಸ ಕುಸಿಯತೊಡಗಿತು. ಗುಂಡುಗಳು ಮೊದಲು ಹಾಗೇ ಕೂತಿರುತ್ತವೆ, ಏನೂ ಆಗದವರ ಹಾಗೆ. ಆಮೇಲೆ ಅಡಿಯಿಂದ ಮೆಲ್ಲಗೆ ಕನ್ನಡಿಯಂಥ ನೀರು ಮೇಲೆ ಬರುತ್ತದೆ.

ಬಿಸಿ ಅಳೆಯಲು ನನ್ನ ಹತ್ತಿರ ಇನ್‌ಫ್ರಾರೆಡ್ ಥರ್ಮಾಮೀಟರ್ ಇತ್ತು, ಮೋಟಾರಿನ ಬೇರಿಂಗ್ ನೋಡುವಂಥದ್ದು. ಹಿಡಿದರೆ 180 ಎಂದು ತೋರಿಸಿತು. ಸೀಸ ಕರಗುವುದೇ 327 ಡಿಗ್ರಿಗೆ! ಎದುರಿಗೆ ನೀರಿನಂತೆ ಅಲುಗಾಡುತ್ತಿದೆ, ಮೀಟರು ಮಾತ್ರ 180 ಎನ್ನುತ್ತಿದೆ. ಆಮೇಲೆ ತಲೆಗೆ ಹೊಳೆಯಿತು. ಹೊಳೆಯುವ ಲೋಹದ ಮೇಲೆ ಈ ಮೀಟರು ನಂಬಿಕೆಗೆ ಅರ್ಹವಲ್ಲ. ಕನ್ನಡಿಯಂಥ ಮೈ ತನ್ನ ಬಿಸಿಯನ್ನು ಕಿರಣವಾಗಿ ಸರಿಯಾಗಿ ಬಿಡುವುದಿಲ್ಲ, ಸುತ್ತಲಿನದ್ದನ್ನು ಪ್ರತಿಫಲಿಸುತ್ತದೆ. ಅದನ್ನು ನಂಬಿ ಇನ್ನಷ್ಟು ಕಾಯಿಸಿದ್ದರೆ 500 ದಾಟಿ ಹೋಗುತ್ತಿತ್ತು, ಅಲ್ಲಿಂದ ಮೇಲೆ ಸೀಸದ ಆವಿ ಕಾಟ ಜಾಸ್ತಿ. ಮರುದಿನ ಮಲ್ಟಿಮೀಟರಿಗೆ ಹಾಕುವ ಉದ್ದದ ಥರ್ಮೋಕಪಲ್ ಕಡ್ಡಿ ತಂದೆ. ಅದ್ದಿ ನೋಡುವುದು, ಅಷ್ಟೆ. ನಮಗೆ ಬೇಕಾದದ್ದು 370ರಿಂದ 400.

ಅವಘಡ ಆದದ್ದೂ ಅದೇ ಸಂಜೆ. ಬಾಣಲೆಯಲ್ಲಿ ಸೀಸ ಸ್ವಲ್ಪ ಕಡಿಮೆ ಕಂಡಿತೆಂದು ಮಾವ ಬದಿಯಲ್ಲಿದ್ದ ಮೂರು ಹಳೇ ಗುಂಡು ಎತ್ತಿ ಹಾಕಿದರು. ಎರಡು ಸುಮ್ಮನೆ ಮುಳುಗಿದವು. ಮೂರನೆಯದ್ದರ ತೂತಿನಲ್ಲಿ ಕೆಸರೋ, ಹಸಿ ಹಗ್ಗದ ತುಂಡೋ ಇತ್ತು. ಠಪ್ ಎಂದಿತು. ದೊಡ್ಡ ಸದ್ದೇನಲ್ಲ, ಒಗ್ಗರಣೆಗೆ ನೀರು ಬಿದ್ದ ಹಾಗೆ. ಆದರೆ ಬಾಣಲೆಯ ಕಾಲು ಭಾಗ ಸೀಸ ಹಾರಿತು. ಒಂದು ಹನಿ ನನ್ನ ಚಪ್ಪಲಿಯ ಪಟ್ಟಿಯ ಮೇಲೆ ಬಿದ್ದು ರಬ್ಬರನ್ನು ಸುಟ್ಟು ಅಲ್ಲೇ ಗಟ್ಟಿಯಾಯಿತು. ಪಟ್ಟಿಯಿಂದ ಎರಡು ಬೆರಳು ಆಚೆ ನನ್ನ ಬರೀ ಪಾದ. ನೀರು ಆವಿಯಾದಾಗ 1,600 ಪಾಲಿಗಿಂತ ಜಾಸ್ತಿ ಹಿಗ್ಗುತ್ತದೆ. ಕಾದ ಸೀಸದ ಅಡಿಯಲ್ಲಿ ಸಿಕ್ಕಿಬಿದ್ದ ಒಂದು ಹನಿ ಸಾಕು. ಕನ್ನಡಕ ಹಾಕಿದ್ದೆ, ಚಪ್ಪಲಿ ಹಾಕಿ ಬಂದದ್ದು ಮಾತ್ರ ಶುದ್ಧ ಮೂರ್ಖತನ. ಅಂದಿನಿಂದ ಬೂಟು, ದಪ್ಪ ಪ್ಯಾಂಟು. ಹಾಕುವ ಸೀಸವೆಲ್ಲ ತಣ್ಣಗಿನ ಬಾಣಲೆಗೆ, ಒಲೆ ಹೊತ್ತಿಸುವ ಮೊದಲೇ. ಕರಗಿದ ಮೇಲೆ ಒಂದು ಚೂರೂ ಸೇರಿಸುವುದಿಲ್ಲ. ಹಗ್ಗದಿಂದ ಬಿಚ್ಚಿದ ಗುಂಡು ಎರಡು ದಿನ ಬಿಸಿಲಲ್ಲಿ ಒಣಗಿದ ಮೇಲೆಯೇ ಬಾಣಲೆಗೆ.

ಇಷ್ಟಾದ ಮೇಲೂ ಅಂದು ಹನ್ನೆರಡು ಸಲ ಹೊಯ್ದೆವು, 36 ಗುಂಡು. ಸರಿ ಬಂದದ್ದು 5.

ಕೆಲವು ಒಣಖರ್ಜೂರದ ಹಾಗೆ ಸುಕ್ಕು. ಕೆಲವಕ್ಕೆ ಅರ್ಧವೇ ಇಲ್ಲ. ಉಳಿದವು ಕಡ್ಡಿಗೆ ಕಚ್ಚಿಕೊಂಡು ಕೂತವು, ಕಡ್ಡಿ ಎಳೆದರೆ ಅಚ್ಚೇ ಜೊತೆಗೆ ಬರುತ್ತಿತ್ತು. ಮಾವ ಹೇಳಿದ್ದು ಒಂದೇ ಮಾತು: "ಅಂಗಡಿಯ 20 ಗ್ರಾಮಿನದ್ದೇ ಆಗಬಹುದಿತ್ತು."

ಎಲ್ಲಿ ತಪ್ಪಿತು

ಆ ರಾತ್ರಿ ಕೆಟ್ಟ 31 ಗುಂಡನ್ನೂ ಪೇಪರಿನ ಮೇಲೆ ಹರಡಿ ನೋಡಿದೆ. ಸುಟ್ಟ ಮೋಟಾರ್ ಬಂದರೂ ನಾನು ಹೀಗೇ ಮಾಡುವುದು. ಎಲ್ಲಿ ಸುಟ್ಟಿದೆ ಎಂಬುದೇ ಯಾಕೆ ಸುಟ್ಟಿತೆಂದು ಹೇಳುತ್ತದೆ.

ಸುಕ್ಕಿಗೆ ಕಾರಣ ಎರಡು. ಅಚ್ಚು ತಣ್ಣಗಿತ್ತು. ಸೀಸ ಗುಳಿಗೆ ಬೀಳುತ್ತಲೇ ಹೊರಮೈ ಗಟ್ಟಿಯಾಗಿ, ಹಿಂದಿನಿಂದ ಬಂದದ್ದು ಅದರ ಮೇಲೆ ಮಡಿಕೆ ಮಡಿಕೆಯಾಗಿ ಕೂತಿದೆ. ಇನ್ನೊಂದು, ತುಕ್ಕು ಹಿಡಿಯಬಾರದೆಂದು ನಾನೇ ಅಚ್ಚಿಗೆ ಎಣ್ಣೆ ಸವರಿಟ್ಟಿದ್ದೆ. ನಮ್ಮ ಕಡಲ ಗಾಳಿಗೆ ಬರೀ ಕಬ್ಬಿಣ ಒಂದು ರಾತ್ರಿ ತಡೆಯುವುದಿಲ್ಲ. ಬಟ್ಟೆಯಲ್ಲಿ ಒರೆಸಿದೆನಾದರೂ ಗುಳಿಯೊಳಗೆ ಉಳಿದ ಎಣ್ಣೆ ಹೊಗೆಯಾಗಿ ಸೀಸವನ್ನು ದೂಡಿದೆ. ಈಗ ಒಲೆ ಹೊತ್ತಿಸುವ ಮೊದಲು ಸೋಪುನೀರಿನಲ್ಲಿ ತೊಳೆದು, ಕೆಂಡದ ಬದಿಯಲ್ಲಿ ಒಣಗಿಸುತ್ತೇನೆ. ಕೆಲಸ ಮುಗಿದು ತಣಿದ ಮೇಲೆ ಮತ್ತೆ ಎಣ್ಣೆ.

ಅರ್ಧ ಬಂದವುಗಳಲ್ಲಿ ಯಾವಾಗಲೂ ತುದಿಗಳೇ ತುಂಬಿರಲಿಲ್ಲ. ಅಲ್ಲಿ ಗಾಳಿ ಸಿಕ್ಕಿಕೊಂಡಿದೆ. ಅಚ್ಚಿನ ಎರಡು ಮುಖವೂ ಎಷ್ಟು ನುಣ್ಣಗಾಗಿತ್ತೆಂದರೆ ಗಾಳಿ ಹೋಗಲು ಜಾಗವೇ ಇರಲಿಲ್ಲ. ಆಚಾರ್ರ ಕೆಲಸ ಜಾಸ್ತಿ ಚೆನ್ನಾಗಿ ಬಂದದ್ದೇ ತೊಂದರೆ! ಗುಳಿಯ ಎರಡೂ ತುದಿಯಿಂದ ಅಂಚಿನವರೆಗೆ ಗೀರುಮೊಳೆಯಲ್ಲಿ ಕೂದಲಿನಷ್ಟು ತೆಳು ಗೆರೆ ಎಳೆದೆ. ಗಾಳಿ ಹೋಗುತ್ತದೆ, ಸೀಸ ಹೋಗುವುದಿಲ್ಲ.

ಅಚ್ಚು ಕಾದಿದೆ ಎಂದು ತಿಳಿಯುವುದು ಹೇಗೆ ಎಂಬುದಕ್ಕೆ ಮಾತ್ರ ನನ್ನ ಕಸುಬೇ ದಾರಿ ತೋರಿಸಿತು. ನಾವು ಬೆಸುಗೆಗೆ ಬಳಸುವ 60/40 ಸೋಲ್ಡರ್ ತಂತಿ (60 ಪಾಲು ತವರ, 40 ಪಾಲು ಸೀಸ) 183 ಡಿಗ್ರಿಯಲ್ಲಿ ಮೆತ್ತಗಾಗಿ 190ರ ಹತ್ತಿರ ಪೂರ್ತಿ ಕರಗುತ್ತದೆ. ಅಚ್ಚಿನ ಹೊರಮೈಗೆ ತಂತಿಯ ತುದಿ ಮುಟ್ಟಿಸುವುದು. ಕರಗದಿದ್ದರೆ ಇನ್ನೂ ಕಾಯಬೇಕು. ಮುಟ್ಟಿದ ತಕ್ಷಣ ಬೆಣ್ಣೆಯ ಹಾಗೆ ಹರಿದರೆ ಜಾಸ್ತಿಯಾಯಿತು. ಒಂದು ಕ್ಷಣ ತಡೆದು ಮೆಲ್ಲಗೆ ತಲೆ ಬಾಗಿಸಿದರೆ ಸರಿ. ಈ ಒಂದು ಉಪಾಯಕ್ಕೆ ಮಾವ ನನ್ನನ್ನು ಹೊಗಳಿದ್ದಾರೆ. ಅವರು ಸುಲಭಕ್ಕೆ ಹೊಗಳುವವರಲ್ಲ.

ಕಡ್ಡಿ ಕಚ್ಚಿಕೊಳ್ಳುವುದು ಉಳಿಯಿತು. ಸೀಸ ತಣಿಯುತ್ತಾ ಕುಗ್ಗುತ್ತದೆ. ಹೊರಗಿನ ಅಚ್ಚಿನಿಂದ ಬಿಟ್ಟುಕೊಳ್ಳುತ್ತದೆ, ನಡುವಿನ ಕಡ್ಡಿಯನ್ನು ಬಿಗಿಯಾಗಿ ಅಪ್ಪುತ್ತದೆ. ಒಂದಲ್ಲ, ಸಾಲಾಗಿ ಮೂರು ಗುಂಡು ಒಂದೇ ಕಡ್ಡಿಯನ್ನು ಅಪ್ಪಿದರೆ ಎಳೆಯುವುದು ಹೇಗೆ? ನಾನು ಕಡ್ಡಿಯನ್ನು ಆಚಾರ್ರಲ್ಲಿಗೆ ಒಯ್ದು ಸ್ವಲ್ಪ ಓರೆ ಮಾಡಿಸಿದೆ. ಹಿಡಿಯ ಕಡೆ 3.5 ಮಿಮೀ, ತುದಿಗೆ ಹೋಗುವಾಗ 3.3. ಒಂದು ಕೂದಲು ಜಾರಿದರೆ ಸಾಕು, ಪೂರ್ತಿ ಬಿಟ್ಟುಕೊಳ್ಳುತ್ತದೆ. ಎಷ್ಟು ಸುಲಭ ಅಲ್ವಾ, ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಎರಡು, ಮೂರು, ನಾಲ್ಕು

ಎರಡನೇ ಸಂಜೆ 20 ಸಲ ಹೊಯ್ದು 60ರಲ್ಲಿ 41 ಸರಿ. ಕೆಟ್ಟವುಗಳಲ್ಲಿ ಹೆಚ್ಚಿನವು ಅಚ್ಚು ಕಾಯುವ ಮೊದಲಿನ ನಾಲ್ಕೈದು ಸುತ್ತಿನವು. ಕೊನೆಕೊನೆಗೆ ಅಚ್ಚು ಜಾಸ್ತಿ ಕಾದು ಗುಂಡುಗಳ ಮೈ ಮಂಜು ಹಿಡಿದ ಗಾಜಿನ ಹಾಗೆ ಮಂಕಾಯಿತು. ಮಾವ ಬಾಲ್ದಿಗೆ ಅದ್ದೋಣವೇ ಎಂದರು. ನಾನು ಬಾಲ್ದಿಯನ್ನೇ ಚಪ್ಪರದಿಂದ ಹೊರಗಿಟ್ಟೆ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಒಳಗೆ ಒಂದು ಹನಿ ಉಳಿದರೆ ಮತ್ತೆ ಠಪ್. ಎರಡು ನಿಮಿಷ ಸುಮ್ಮನೆ ಕೂತರೆ ಆಯಿತು.

ಬಾಣಲೆಯ ಮೇಲೆ ಬೂದು ಕೆನೆ ಕಟ್ಟುತ್ತದೆ. ಅದರಲ್ಲಿ ಒಳ್ಳೇ ಸೀಸವೂ ಸಿಕ್ಕಿಕೊಂಡಿರುತ್ತದೆ. ಬಟಾಣಿ ಕಾಳಿನಷ್ಟು ಮೇಣ ಹಾಕಿ ಕದಡಿದರೆ ಅದು ಭಗ್ ಎಂದು ಹೊತ್ತಿಕೊಂಡು, ಕೆನೆಯ ಬಹುಪಾಲು ಮತ್ತೆ ಸೀಸವಾಗಿ ಅಡಿಗಿಳಿಯುತ್ತದೆ. ಉಳಿದ ಪುಡಿಯೇ ನಿಜವಾದ ವಿಷ, ಹಾರಿದರೆ ಉಸಿರಿಗೆ. ಅದನ್ನು ಮುಚ್ಚಳವಿರುವ ಡಬ್ಬಕ್ಕೆ ಹಾಕಿ ಗುಜರಿಯವನಿಗೇ ವಾಪಸ್ ಕೊಟ್ಟೆವು. ತೆಂಗಿನ ಬುಡಕ್ಕೂ ಇಲ್ಲ, ಹೊಳೆಗೂ ಇಲ್ಲ. ಹೊಯ್ದ ಬಾಯಿಯ ಬಾಲವನ್ನು ಕಟಿಂಗ್ ಪ್ಲೈಯರಿನಲ್ಲಿ ಕತ್ತರಿಸುತ್ತಿದ್ದೆ. ಅರ ಹಾಕಿದರೆ ನೋಡಲು ಚಂದ, ಆದರೆ ಪುಡಿ ಏಳುತ್ತದೆ. ಮುಗಿದ ಮೇಲೆ ಬಟ್ಟೆ ಬೇರೆಯೇ ಒಗೆಯಬೇಕು, ಕೈ ತೊಳೆಯದೆ ಚಹಾ ಮುಟ್ಟಬಾರದು. ಮಾವನಿಗೆ ನಡುನಡುವೆ ಎಲೆಅಡಿಕೆ ಬೇಕೇ ಬೇಕು. ಆ ಚಟವನ್ನು ಸಂಜೆಗೆ ಮೂರು ಗಂಟೆ ತಡೆಸಿದ್ದೇ ಇಡೀ ಪ್ರಯೋಗದ ಕಷ್ಟದ ಭಾಗ.

ಮೂರನೇ ಸಂಜೆ 90ರಲ್ಲಿ 84. ಅಂದು ಟೈರ್ ತೂಕದ ಸೀಸವೂ ಸೇರಿತ್ತು. ಉಗುರು ಪರೀಕ್ಷೆಯಲ್ಲಿ ತಪ್ಪಿಸಿಕೊಂಡಿದ್ದ ಎರಡು ಸತುವಿನ ತುಂಡು ಮೇಲೆ ತೇಲಿ ಬಂದವು. ಸತು ಕರಗುವುದು 419ಕ್ಕೆ, ನಾವು 400 ದಾಟಿರಲಿಲ್ಲ. ಸೌಟಿನಲ್ಲಿ ಎತ್ತಿ ಬಿಸಾಡಿದೆ. ನಾಲ್ಕನೇ ಸಂಜೆ 78ರಲ್ಲಿ 74. ಒಟ್ಟು 204. ಪೇಟೆಯ ಅಕ್ಕಸಾಲಿಯ ಡಿಜಿಟಲ್ ತಕ್ಕಡಿಯಲ್ಲಿ ಹತ್ತು ಗುಂಡು ತೂಗಿಸಿದೆ. ಸರಾಸರಿ 11.7 ಗ್ರಾಂ. ಲೆಕ್ಕಕ್ಕಿಂತ ಸುಮಾರು ಕಾಲು ಗ್ರಾಂ ಕಡಿಮೆ. ಅದು ಸೀಸ ತಣಿಯುವಾಗ ಕುಗ್ಗಿದ್ದಕ್ಕೂ ಟೈರ್ ತೂಕದ ಬೆರಕೆಗೂ ಸರಿಹೋಗುತ್ತದೆ. ಮಾವ ಅಂಗೈಯಲ್ಲಿ ಒಂದನ್ನು ಕುಣಿಸಿ ನೋಡಿ ತಲೆ ಅಲ್ಲಾಡಿಸಿದರು. ತಕ್ಕಡಿಗಿಂತ ನನಗೆ ಅದು ದೊಡ್ಡದಾಗಿತ್ತು.

ಜೂನ್ ಎರಡನೇ ವಾರ ಹೊಸ 3 ಮಿಮೀ ನೈಲಾನ್ ಹಗ್ಗಕ್ಕೆ 200 ಗುಂಡು ಪೋಣಿಸಿ ಬಲೆಗೆ ಕಟ್ಟಿದರು. ಮೊದಲ ಬೀಸಿಗೆ ನಾನೂ ದಂಡೆಯಲ್ಲಿದ್ದೆ. ಬಲೆ ಗಾಳಿಯಲ್ಲಿ ಉರುಟಾಗಿ ಬಿಚ್ಚಿ, ಜಿರ್ ಎಂದು ಒಂದೇ ಸದ್ದಿನಲ್ಲಿ ನೀರಿಗೆ ಬಿತ್ತು. ಹಳೇ ಬಲೆ ಬಿದ್ದಾಗ ಆ ಸದ್ದು ಎರಡು ಕಂತಿನಲ್ಲಿ ಬರುತ್ತಿತ್ತು.

ಇಲ್ಲಿಗೆ ಬರೆಯುವುದು ಮುಗಿಯಬೇಕಿತ್ತು.

ಮೂರು ವಾರದ ಮೇಲೆ

ಜುಲೈ ಮೊದಲ ವಾರ ಮಾವ ಫೋನ್ ಮಾಡಿದರು. "ಹಗ್ಗ ತಿನ್ನುತ್ತಾ ಉಂಟು ಮಾರಾಯ, ಬಂದು ನೋಡು." ಹೊಸ ಹಗ್ಗ ಒಂಬತ್ತು ಕಡೆ ಎಳೆ ಬಿಟ್ಟಿತ್ತು. ಒಂದು ಕಡೆ ತುಂಡಾಗಲು ಎರಡೇ ಎಳೆ ಬಾಕಿ. ಮೊದಲು ಹಗ್ಗವನ್ನೇ ಬೈದೆವು, ಡೂಪ್ಲಿಕೇಟ್ ಎಂದು. ಆದರೆ ಡೂಪ್ಲಿಕೇಟ್ ಆದರೆ ಎಲ್ಲ ಕಡೆಯೂ ಸವೆಯಬೇಕಲ್ಲ? ಒಂಬತ್ತೂ ಗಾಯ ಗುಂಡಿನ ಬಾಯಿಯಲ್ಲೇ ಇದ್ದವು.

ಆ ಒಂಬತ್ತು ಗುಂಡನ್ನು ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದೆ. ಮೊದಲನೆಯದ್ದರ ಮೈಮೇಲೆ ಉದ್ದಕ್ಕೆ ಕೂದಲೆಳೆಯಂಥ ಒಂದು ಗೆರೆ. ಎರಡನೆಯದ್ದಕ್ಕೂ. ಮೂರನೆಯದ್ದಕ್ಕೂ. ಒಂಬತ್ತಕ್ಕೂ ಇತ್ತು! ಆಚಾರ್ರ ಕಟ್ಟರ್ ಅದುರಿದ ಗುರುತು ಅದು. ಎಲ್ಲವೂ ಮೂರನೇ ಗುಳಿಯವು.

ತೂತಿನ ಬಾಯಿಗೆ ಬೆರಳಾಡಿಸಿದರೆ ಕಾಗದದಷ್ಟು ತೆಳುವಾದ ಒಂದು ಸೀಸದ ಉಂಗುರ ಹೊರಗೆ ಚಾಚಿಕೊಂಡಿತ್ತು. ಮರಳು ಸೇರಿ ಸೇರಿ ಅದು ಗರಗಸದ ಹಾಗಾಗಿತ್ತು. ಎಲ್ಲಿಂದ ಬಂತು ಅದು? ನಾನು ಬೆನ್ನು ತಟ್ಟಿಕೊಂಡ ಆ ಓರೆ ಕಡ್ಡಿಯಿಂದ. ಅಚ್ಚಿನ ತೂತು ಈ ತುದಿಯಿಂದ ಆ ತುದಿಗೂ 3.5 ಮಿಮೀ. ಕಡ್ಡಿ ಹಿಡಿಯ ಕಡೆ ತೂತಿಗೆ ಸರಿಯಾಗಿ ಕೂರುತ್ತದೆ. ಮೂರನೇ ಗುಳಿಯ ಹತ್ತಿರ ಬರುವಾಗ ಅದು 3.3 ಆಗಿ, ಸುತ್ತ 0.1 ಮಿಮೀ ಸಂದು ಉಳಿಯುತ್ತದೆ. ಕಾದ ಸೀಸ ಅಷ್ಟು ಸಂದು ಕಂಡರೆ ಬಿಡುತ್ತದೆಯೇ? ಒಳಗೆ ನುಗ್ಗಿ ಉಂಗುರವಾಗಿದೆ. ಮೊದಲ ಸಂಜೆಯ ಐದು ಗುಂಡಿಗೆ ಉಂಗುರವಿರಲಿಲ್ಲ, ಅವು ನೇರ ಕಡ್ಡಿಯವು. ಟೈರ್ ತೂಕದ ಗಟ್ಟಿ ಸೀಸದವುಗಳಲ್ಲಿ ಉಂಗುರವೂ ಗಟ್ಟಿ, ಹಗ್ಗಕ್ಕೆ ಆದ ಗಾಯವೂ ಆಳ. ನಾನು ತೂಕ ನೋಡಿದೆ, ಮೈ ನೋಡಿದೆ, ತೂತಿನ ಬಾಯಿಯನ್ನು ಮುಟ್ಟಿಯೂ ನೋಡಿರಲಿಲ್ಲ. ಹಗ್ಗ ಉಜ್ಜುವುದು ಅಲ್ಲೇ.

ಕಡ್ಡಿಯನ್ನು ಮತ್ತೆ ನೇರ ಮಾಡಿಸಿದೆ. ಹೊಸದು, 3.5, ಕನ್ನಡಿಯ ಹಾಗೆ ಉಜ್ಜಿದ್ದು, ತುದಿಗೆ ಅಡ್ಡ ಹಿಡಿ. ಪ್ರತಿ ಸಲ ಹೊಯ್ಯುವ ಮೊದಲು ಚಿಮಿಣಿ ದೀಪದ ಮಸಿ ಹಿಡಿಸಿ, ಸೀಸ ಗಟ್ಟಿಯಾದ ಕೂಡಲೇ, ಅಚ್ಚು ಬಿಚ್ಚುವ ಮೊದಲು, ಬಿಸಿ ಇರುವಾಗಲೇ ತಿರುಚಿ ಎಳೆಯಬೇಕು. ಇನ್ನೂ ಹತ್ತೆಣಿಸುವಷ್ಟು ತಡ ಮಾಡಿದರೆ ಮತ್ತೆ ಅಪ್ಪಿಕೊಳ್ಳುತ್ತದೆ. ಪರೀಕ್ಷೆಗೆ ನಾಲ್ಕು ಸಲ ಹೊಯ್ದು ನೋಡಿದೆ, ಹನ್ನೆರಡರಲ್ಲಿ ಒಂದಕ್ಕೂ ಉಂಗುರವಿಲ್ಲ.

ಬಲೆಯಲ್ಲಿದ್ದ 200ರಲ್ಲಿ ಗೆರೆ ಇದ್ದವು 66. ಮಳೆ ಜಡಿಯುತ್ತಿದ್ದ ಒಂದು ಮಧ್ಯಾಹ್ನ ಜಗಲಿಯಲ್ಲಿ ಒದ್ದೆ ಪೇಪರ್ ಹಾಸಿ ಇಬ್ಬರೂ ಕೂತೆವು. ಕೈಯಲ್ಲಿ ಒಂದೊಂದು 6 ಮಿಮೀ ಡ್ರಿಲ್ ಬಿಟ್. ಗುಂಡನ್ನು ಹಿಡಿದು, ತೂತಿನ ಬಾಯಿಗೆ ಬಿಟ್ ಇಟ್ಟು, ಬೆರಳಿನಲ್ಲೇ ಎರಡು ಸುತ್ತು. ತೆಳು ಸುರುಳಿ ಪೇಪರಿನ ಮೇಲೆ ಉದುರುತ್ತದೆ. ತಿರುಗಿಸಿ ಇನ್ನೊಂದು ಬಾಯಿಗೆ ಎರಡು ಸುತ್ತು. ಅತ್ತೆ ಚಹಾ ತಂದವರು ಪೇಪರ್ ನೋಡಿ, ಲೋಟಗಳನ್ನು ಅಷ್ಟು ದೂರದ ಕಿಟಕಿ ದಂಡೆಯ ಮೇಲಿಟ್ಟು ಹೋದರು.

ಮಾವ ಒಂದು ಗುಂಡನ್ನು ಕಣ್ಣ ಹತ್ತಿರ ಹಿಡಿದು ಗೆರೆ ಹುಡುಕಿದರು. ಅದರಲ್ಲಿ ಗೆರೆ ಇರಲಿಲ್ಲ. ಆದರೂ ಬಿಟ್ ಇಟ್ಟು ಎರಡು ಸುತ್ತು ತಿರುಗಿಸಿದರು.

"ಅದು ಸರಿಯಾದದ್ದು ಮಾವ, ಒಂದನೇ ಗುಳಿಯದ್ದು" ಅಂದೆ.

"ಗೊತ್ತುಂಟು" ಎಂದು ಇನ್ನೊಂದು ಬಾಯಿಗೂ ಎರಡು ಸುತ್ತು ತಿರುಗಿಸಿದರು.